ವನ್ಯಜೀವಿಯೋ ಮೀನುಗಾರಿಕೆಯೋ: ಸ್ನಾತಕೋತ್ತರ ಸೀಟು ಹಿಡಿಯುವ ಮುನ್ನ

ಕಾವೇರಿಯ ಡುಬ್ಬದ ಮಹಸೀರ್ ಮೀನನ್ನೇ ತೆಗೆದುಕೊಳ್ಳಿ. 2018ರಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಅದನ್ನು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ವನ್ಯಜೀವಿಧಾಮದೊಳಗಿನ ಮಡುವಿಗೆ ಇಳಿದು ಅದನ್ನು ಅಧ್ಯಯನ ಮಾಡಲು ಅರಣ್ಯ ಇಲಾಖೆಯ ಅನುಮತಿ ಬೇಕು. ಅದರ ಮೊಟ್ಟೆ ತೆಗೆದು ಮರಿ ಮಾಡಿಸುವ ವಿದ್ಯೆ ಇರುವುದು ಮೀನುಗಾರಿಕೆ ಕಾಲೇಜಿನಲ್ಲಿ. ಅಲ್ಲೆಷ್ಟು ಮೀನು ಉಳಿದಿವೆ ಎಂದು ಅಂದಾಜಿಸುವ ಸಂಖ್ಯಾಶಾಸ್ತ್ರ ಕಲಿಸುವುದು ವನ್ಯಜೀವಿ ವಿಜ್ಞಾನದ ತರಗತಿ. ಮೀನು ಒಂದೇ, ಬಾಗಿಲು ಎರಡು. ಒಂದು ಬಾಗಿಲಿನಿಂದ ಒಳಗೆ ಹೋದವರು ಇನ್ನೊಂದರಿಂದ ಹೊರಬರುವುದು ನಮ್ಮ ದೇಶದಲ್ಲಿ ಸುಲಭವಲ್ಲ.

ಅಮೆರಿಕದ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ವನ್ಯಜೀವಿ ಮತ್ತು ಮೀನುಗಾರಿಕೆ ಒಂದೇ ವಿಭಾಗ. ಅಲ್ಲಿ ಜಿಂಕೆಯೂ ಟ್ರೌಟ್ ಮೀನೂ ಲೈಸೆನ್ಸ್ ಪಡೆದು ಹಿಡಿಯುವ ಫಸಲು. ಈ ವರ್ಷ ಎಷ್ಟು ತೆಗೆದರೆ ಮುಂದಿನ ವರ್ಷಕ್ಕೂ ಉಳಿಯುತ್ತದೆ ಎಂಬ ಲೆಕ್ಕ ಎರಡಕ್ಕೂ ಒಂದೇ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ನಿಂತಿತು, ಕಾಡುಪ್ರಾಣಿ ಅರಣ್ಯ ಇಲಾಖೆಯ ಪಾಲಾಯಿತು. ಮೀನು ಆಹಾರ ಉತ್ಪಾದನೆಯ ಲೆಕ್ಕಕ್ಕೆ ಸೇರಿ, ಅದರ ಶಿಕ್ಷಣ ಕೃಷಿ ವಿಶ್ವವಿದ್ಯಾಲಯಗಳ ಜಾಡು ಹಿಡಿಯಿತು. ಹಾಗಾಗಿ ‘ನನಗೆ ಪ್ರಾಣಿ ಇಷ್ಟ’ ಎಂಬುದರಿಂದ ಹೊರಟರೆ ದಾರಿ ತಪ್ಪುವ ಸಾಧ್ಯತೆಯೇ ಹೆಚ್ಚು. ಕೈಯಲ್ಲಿರುವ ಪದವಿ ಯಾವುದು, ಎರಡನೇ ವರ್ಷದ ಪ್ರಬಂಧ ಎಂಥದ್ದು, ಮುಂದೆ ಬೇಕಾದ ಹುದ್ದೆಯ ಅರ್ಹತೆಯ ಸಾಲಿನಲ್ಲಿ ಏನು ಬರೆದಿದೆ, ಈ ಮೂರನ್ನು ಮೊದಲು ನೋಡಿ.

ಕೈಯಲ್ಲಿರುವ ಪದವಿ

ಅರ್ಧ ತೀರ್ಮಾನ ಇಲ್ಲೇ ಮುಗಿಯುತ್ತದೆ. ಮೀನುಗಾರಿಕೆ ವಿಜ್ಞಾನದ ಸ್ನಾತಕೋತ್ತರ ಪದವಿಯಾದ ಎಂ.ಎಫ್.ಎಸ್ಸಿ ಸೇರಲು ಅದೇ ವಿಷಯದ ನಾಲ್ಕು ವರ್ಷದ ಪದವಿ, ಬಿ.ಎಫ್.ಎಸ್ಸಿ ಬೇಕು. ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ ಮಾಡಿ ಶೇ 90 ಅಂಕ ತೆಗೆದಿದ್ದರೂ ಆ ಬಾಗಿಲು ತೆರೆಯುವುದಿಲ್ಲ. ಇದು ಗೊತ್ತಿಲ್ಲದೆ ಪ್ರವೇಶ ಪರೀಕ್ಷೆಗೆ ತಿಂಗಳುಗಟ್ಟಲೆ ಓದಿ, ಅರ್ಜಿ ತುಂಬುವ ದಿನ ಅರ್ಹತೆಯ ಕಲಂ ನೋಡಿ ಕಂಗಾಲಾಗುವವರು ಪ್ರತಿವರ್ಷವೂ ಇರುತ್ತಾರೆ.

ಬಿ.ಎಸ್ಸಿ ಓದಿಯೂ ಸಮುದ್ರದ ಕಡೆಗೇ ಹೋಗಬೇಕೆನ್ನುವವರಿಗೆ ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗವಿದೆ. ಕಾಳಿ ನದಿ ಸಮುದ್ರ ಸೇರುವ ಜಾಗ ಅದು. ಅಳಿವೆ, ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಕಲ್ಲುತೀರ ಮೂರೂ ಕಾಲ್ನಡಿಗೆಯ ದೂರದಲ್ಲಿವೆ. ಕೊಚ್ಚಿಯ ಪನಂಗಾಡಿನಲ್ಲಿರುವ ಕೇರಳ ಮೀನುಗಾರಿಕೆ ಮತ್ತು ಸಾಗರ ಅಧ್ಯಯನ ವಿಶ್ವವಿದ್ಯಾಲಯದಲ್ಲೂ ಎಂ.ಎಫ್.ಎಸ್ಸಿಗೆ ಹೊರತಾದ ಎಂ.ಎಸ್ಸಿ ಕೋರ್ಸುಗಳಿವೆ. ಇವುಗಳಿಂದ ಸಂಶೋಧನೆಗೆ ದಾರಿಯಿದೆ. ಮೀನುಗಾರಿಕೆ ಇಲಾಖೆಯ ಅಧಿಕಾರಿ ಹುದ್ದೆಗೆ ಇವು ಬಿ.ಎಫ್.ಎಸ್ಸಿಯ ಬದಲಿಯಾಗುವುದಿಲ್ಲ.

ವನ್ಯಜೀವಿಯ ಬಾಗಿಲು ಇದಕ್ಕಿಂತ ಅಗಲ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ಕೋರ್ಸಿಗೆ ಯಾವ ಪದವಿಯವರೂ ಅರ್ಜಿ ಹಾಕಬಹುದು. ಎಂಜಿನಿಯರಿಂಗ್ ಓದಿದವರೂ ಸಾಹಿತ್ಯ ಓದಿದವರೂ ಅಲ್ಲಿ ಸೇರಿದ್ದುಂಟು. ಬಿ.ಎಫ್.ಎಸ್ಸಿ ಮುಗಿಸಿದವರಿಗೆ ಎರಡೂ ಕಡೆ ಅವಕಾಶ ಸಿಗುತ್ತದೆ ಎಂಬುದನ್ನು ಆ ವಿದ್ಯಾರ್ಥಿಗಳೇ ಹೆಚ್ಚಾಗಿ ಮರೆತಿರುತ್ತಾರೆ.

ಕಾಡಾನೆಗೆ ಅರಿವಳಿಕೆ ಕೊಡುವುದು, ಗಾಯಗೊಂಡ ಚಿರತೆಗೆ ಚಿಕಿತ್ಸೆ ಮಾಡುವುದು ನಿಮ್ಮ ಕನಸಾಗಿದ್ದರೆ ಈ ಲೇಖನದ ಯಾವ ಕೋರ್ಸೂ ಉಪಯೋಗಕ್ಕೆ ಬಾರದು. ಅದು ಪಶುವೈದ್ಯರ ಕೆಲಸ. ಬಿ.ವಿ.ಎಸ್ಸಿ ಮಾಡಿ, ಆಮೇಲೆ ವನ್ಯಜೀವಿಯಲ್ಲಿ ಎಂ.ವಿ.ಎಸ್ಸಿ ಹುಡುಕಬೇಕು.

ಮಂಗಳೂರೋ ಮುಂಬೈಯೋ

ಮಂಗಳೂರಿನ ಮೀನುಗಾರಿಕೆ ಕಾಲೇಜು 1969ರಲ್ಲಿ ಶುರುವಾದದ್ದು, ದೇಶದಲ್ಲೇ ಮೊದಲನೆಯದು. ಈಗ ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಮುಂಬೈಯ ವರ್ಸೋವಾದಲ್ಲಿರುವ ಕೇಂದ್ರೀಯ ಮೀನುಗಾರಿಕೆ ಶಿಕ್ಷಣ ಸಂಸ್ಥೆ (ಸಿಐಎಫ್‌ಇ) 1961ರದ್ದು. 1989ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾದ ಅಲ್ಲಿ ಬಿ.ಎಫ್.ಎಸ್ಸಿ ಇಲ್ಲ, ಇರುವುದು ಸ್ನಾತಕೋತ್ತರ ಮತ್ತು ಪಿಎಚ್.ಡಿ ಮಾತ್ರ. ಕ್ಲಾಸಿನಲ್ಲಿ ಬಿಹಾರ, ಅಸ್ಸಾಂ, ಆಂಧ್ರ, ತಮಿಳುನಾಡಿನವರು ಒಟ್ಟಿಗೆ ಕೂರುತ್ತಾರೆ. ಮುಂದೆ ಕೃಷಿ ವಿಜ್ಞಾನಿ ಹುದ್ದೆಯ ಪರೀಕ್ಷೆಗೆ ಓದುವ ಗುಂಪು ಅಲ್ಲಿ ತಾನಾಗಿ ಸಿಗುತ್ತದೆ. ಅದೇ ಅದರ ದೊಡ್ಡ ಲಾಭ.

ಮಂಗಳೂರಿನ ಲಾಭ ಬೇರೆ. ಬಂದರಿನ ಧಕ್ಕೆ, ಮಲ್ಪೆ, ಮೀನೆಣ್ಣೆ-ಮೀನುಹುಡಿ ಕಾರ್ಖಾನೆಗಳು, ಐಸ್ ಪ್ಲಾಂಟು, ರಫ್ತು ಘಟಕ ಎಲ್ಲ ಬಸ್ಸಿನ ದೂರದಲ್ಲಿವೆ. ತುಳು ಅಥವಾ ಕನ್ನಡ ಬಲ್ಲ ವಿದ್ಯಾರ್ಥಿಗೆ ಬೋಟಿನ ಮುಖ್ಯಸ್ಥನಾದ ತಂಡೇಲ ಕೊಡುವ ಮಾಹಿತಿ ಹೊರಗಿನವರಿಗೆ ದಕ್ಕುವುದಿಲ್ಲ. ಮೀನು ಸಂಪನ್ಮೂಲ ನಿರ್ವಹಣೆ ಅಥವಾ ಸಂಸ್ಕರಣೆ ನಿಮ್ಮ ವಿಷಯವಾದರೆ ಮಂಗಳೂರು. ಮೀನಿನ ಆಹಾರ, ತಳಿವಿಜ್ಞಾನ, ರೋಗದಂಥ ಪ್ರಯೋಗಾಲಯದ ವಿಷಯವಾದರೆ ಸಿಐಎಫ್‌ಇ. ನಮ್ಮ ಒಲವು ಹೀಗೆ.

ಹಣದ ವಿಚಾರದಲ್ಲೊಂದು ಸೂಕ್ಷ್ಮವಿದೆ. ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ (ಐಸಿಎಆರ್) ಅಖಿಲ ಭಾರತ ಪರೀಕ್ಷೆ ಬರೆದು ಬಂದವರಿಗೆ ಸಿಗುವ ರಾಷ್ಟ್ರೀಯ ಪ್ರತಿಭಾ ವಿದ್ಯಾರ್ಥಿವೇತನ, ತಮ್ಮ ರಾಜ್ಯ ಬಿಟ್ಟು ಬೇರೆ ರಾಜ್ಯದಲ್ಲಿ ಸೇರಿದವರಿಗೆ ಮಾತ್ರ. ಕರ್ನಾಟಕದ ವಿದ್ಯಾರ್ಥಿ ಅದೇ ಪರೀಕ್ಷೆಯಿಂದ ಮಂಗಳೂರಿನ ಸೀಟು ಹಿಡಿದರೆ ಅದು ಬರುವುದಿಲ್ಲ. ಮೇಲಿನ ರ‍್ಯಾಂಕಿನವರಿಗೆ ಸಿಗುವ ಪಿಜಿ ಸ್ಕಾಲರ್‌ಷಿಪ್ ಬೇರೆ, ಮೊತ್ತವೂ ಹೆಚ್ಚು. ಕೌನ್ಸೆಲಿಂಗ್‌ನಲ್ಲಿ ಆಯ್ಕೆಯ ಕ್ರಮ ತುಂಬುವ ಮೊದಲು ಈ ಲೆಕ್ಕ ಹಾಕಿಕೊಳ್ಳಿ.

ಕಾಲೇಜಿಗಿಂತ ವಿಭಾಗದ ಆಯ್ಕೆ ಮುಖ್ಯ. ಈಗಿನ ಐಸಿಎಆರ್ ಪಠ್ಯಕ್ರಮದಲ್ಲಿ ಸ್ನಾತಕೋತ್ತರ ಪದವಿ ಒಟ್ಟು 70 ಕ್ರೆಡಿಟ್, ಅದರಲ್ಲಿ 30 ಪ್ರಬಂಧಕ್ಕೇ ಹೋಗುತ್ತದೆ. ಅಂದರೆ ಪದವಿಯ ನೂರಕ್ಕೆ ನಲವತ್ತಮೂರು ಪಾಲು ನಿಮ್ಮ ಗೈಡ್ ಯಾರು, ಅವರ ಬಳಿ ತೊಟ್ಟಿ ಎಷ್ಟು, ಪ್ರಾಜೆಕ್ಟಿನ ದುಡ್ಡು ಎಷ್ಟು ಎಂಬುದರ ಮೇಲೆ ನಿಂತಿದೆ.

ಕಾಡಿನ ಕಡೆಯ ಮೂರು ದಾರಿ

ಎನ್‌ಸಿಬಿಎಸ್‌ನ ವನ್ಯಜೀವಿ ಜೀವಶಾಸ್ತ್ರ ಮತ್ತು ಸಂರಕ್ಷಣೆಯ ಎಂ.ಎಸ್ಸಿ 2004ರಲ್ಲಿ ಆರಂಭವಾಯಿತು, ಪದವಿ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯದ್ದು (ಟಿಐಎಫ್‌ಆರ್). ಎರಡು ವರ್ಷಕ್ಕೊಮ್ಮೆ ಮಾತ್ರ ಬ್ಯಾಚು, ಸೀಟು ಬೆರಳೆಣಿಕೆಯಷ್ಟು. ಪದವಿ ಮುಗಿಯುವ ವರ್ಷಕ್ಕೂ ಪ್ರವೇಶದ ವರ್ಷಕ್ಕೂ ತಾಳೆಯಾಗದೆ ಹೋದರೆ ನಡುವಿನ ವರ್ಷವನ್ನು ಯಾವುದಾದರೂ ಕ್ಷೇತ್ರ ಯೋಜನೆಯಲ್ಲಿ ಸಹಾಯಕರಾಗಿ ಕಳೆಯುವುದೇ ಒಳ್ಳೆಯದು. ಸಂದರ್ಶನದಲ್ಲಿ ಅಂಕಪಟ್ಟಿಗಿಂತ ಆ ಅನುಭವಕ್ಕೆ ತೂಕ ಹೆಚ್ಚು. ಕೋರ್ಸಿನ ಬೆನ್ನೆಲುಬು ಸಂಖ್ಯಾಶಾಸ್ತ್ರ, ಆರ್ ಭಾಷೆಯಲ್ಲಿ ಕೋಡ್ ಬರೆಯುವುದು, ವಾದ ಮಂಡಿಸಿ ಬರೆಯುವುದು. ಪಿಯುಸಿಯ ನಂತರ ಗಣಿತ ಕೈಬಿಟ್ಟವರು ಮೊದಲ ಸೆಮಿಸ್ಟರಿನಲ್ಲೇ ಎಡವುತ್ತಾರೆ. ಸಂಭವನೀಯತೆ, ರಿಗ್ರೆಷನ್ ಇವೆರಡನ್ನು ಮೊದಲೇ ಕಲಿತು ಹೋಗಿ.

ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ 1982ರದ್ದು, ಕೇಂದ್ರ ಪರಿಸರ ಸಚಿವಾಲಯದ ಅಧೀನದಲ್ಲಿದೆ. ಅದರ ವನ್ಯಜೀವಿ ವಿಜ್ಞಾನದ ಎಂ.ಎಸ್ಸಿ 1988ರಿಂದ ನಡೆಯುತ್ತಿದೆ. ಹಿಮಾಲಯದ ಪ್ರಾಣಿಗಳು, ದೇಶದ ಹುಲಿ ಗಣತಿ, ಗಂಗಾನದಿಯ ಡಾಲ್ಫಿನ್, ಘರಿಯಲ್‌ಗಳ ಕೆಲಸ ಅಲ್ಲಿಂದಲೇ ನಡೆಯುವುದರಿಂದ ಪ್ರಬಂಧಕ್ಕೆ ಜಾಗ ಮತ್ತು ಅನುಮತಿ ಸಿಗುವುದು ಬೇರೆ ಕಡೆಗಿಂತ ಸಲೀಸು. ಸಿಹಿನೀರಿನ ಪರಿಸರ ಮತ್ತು ಸಂರಕ್ಷಣೆಯ ಮೇಲೆ ಪ್ರತ್ಯೇಕ ಎಂ.ಎಸ್ಸಿಯನ್ನೂ ಅದು ಆರಂಭಿಸಿತು. ಮಹಸೀರ್, ನೀರುನಾಯಿ, ಆಮೆಯಂಥ ಎರಡೂ ಕಡೆ ಕಾಲಿಟ್ಟ ವಿಷಯ ಬೇಕಾದವರು ಅದರ ಅಧಿಸೂಚನೆಯನ್ನು ಮೊದಲು ಹುಡುಕಲಿ.

ಮೂರನೆಯದನ್ನು ಜನ ಕಡೆಗಣಿಸುತ್ತಾರೆ: ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ವನ್ಯಜೀವಿ ಮತ್ತು ನಿರ್ವಹಣೆ ವಿಭಾಗ. ಭದ್ರಾ ಜಲಾಶಯ ಪಕ್ಕದಲ್ಲೇ, ಭದ್ರಾ ಹುಲಿ ಮೀಸಲು ಲಕ್ಕವಳ್ಳಿಯ ಆಚೆ. ರಾಜ್ಯ ವಿಶ್ವವಿದ್ಯಾಲಯದ ಶುಲ್ಕ, ಕನ್ನಡದ ವಾತಾವರಣ. ಕೊರತೆಯೂ ಇದೆ. ರಾಜ್ಯ ವಿಶ್ವವಿದ್ಯಾಲಯದಲ್ಲಿ ಉಪಕರಣಕ್ಕೂ ಕ್ಷೇತ್ರ ಪ್ರವಾಸಕ್ಕೂ ಹಣ ಹೊಂದಿಸುವುದು ಕಷ್ಟ; ದತ್ತಾಂಶ ವಿಶ್ಲೇಷಣೆಯನ್ನು ನೀವಾಗಿಯೇ ಕಲಿಯಬೇಕಾಗಬಹುದು. ಇಲ್ಲಿ ಸೇರಿದವರು ಮೊದಲ ವರ್ಷದ ರಜೆಯಲ್ಲೇ ಬೆಂಗಳೂರು, ಮೈಸೂರಿನ ಯಾವುದಾದರೂ ಸಂಶೋಧನಾ ಸಂಸ್ಥೆಯಲ್ಲಿ ಇಂಟರ್ನ್‌ಷಿಪ್ ಹಿಡಿದರೆ ಆ ಅಂತರ ಬಹುಮಟ್ಟಿಗೆ ತುಂಬುತ್ತದೆ. ತಮಿಳುನಾಡಿನ ಮಯಿಲಾಡುತುರೈ ಬಳಿಯ ಎವಿಸಿ ಕಾಲೇಜಿನ ವನ್ಯಜೀವಿ ಜೀವಶಾಸ್ತ್ರದ ಎಂ.ಎಸ್ಸಿಯೂ ಹಳೆಯದು, ಹೆಸರಿರುವಂಥದ್ದು.

ಎರಡನೇ ವರ್ಷ ಹೇಗಿರುತ್ತದೆ

ಕೋರ್ಸಿನ ಹೆಸರಿಗಿಂತ ಇದನ್ನು ತಿಳಿದುಕೊಳ್ಳುವುದು ಮೇಲು. ದಿನ ಕಳೆಯುವ ರೀತಿಯೇ ಬೇರೆಬೇರೆ.

ಮೀನು ಸಾಕಣೆಯ ಪ್ರಬಂಧ ಎಂದರೆ ಸಾಮಾನ್ಯವಾಗಿ ತೊಟ್ಟಿಗಳ ಮುಂದೆ 60 ದಿನ. ರೋಹು ಮರಿಗಳಿಗೆ ನಾಲ್ಕು ಬಗೆಯ ಆಹಾರ, ಪ್ರತಿ ಆಹಾರಕ್ಕೆ ಮೂರು ತೊಟ್ಟಿ, ತೊಟ್ಟಿಗೆ 15 ಮರಿ ಎಂದಿಟ್ಟುಕೊಳ್ಳಿ. 12 ತೊಟ್ಟಿ, 180 ಮರಿ. ಹದಿನೈದು ದಿನಕ್ಕೊಮ್ಮೆ ತೂಗಿ, ದೇಹತೂಕದ ಶೇ 3ರಿಂದ 5ರಂತೆ ಆಹಾರದ ಪ್ರಮಾಣ ತಿದ್ದಬೇಕು. ಉಳಿದ ಆಹಾರವನ್ನು ಸೈಫನ್ ಹಾಕಿ ತೆಗೆಯದಿದ್ದರೆ ಅಮೋನಿಯಾ ಏರುತ್ತದೆ. ಕರೆಂಟು ಹೋಗಿ ಏರೇಟರ್ ನಿಂತರೆ ಬೆಳಗಾಗುವಷ್ಟರಲ್ಲಿ ಮರಿಗಳು ಬಾಯಿ ತೆರೆದು ಮೇಲೆ ತೇಲುತ್ತಿರುತ್ತವೆ. ಒಂದು ರಾತ್ರಿಯಲ್ಲಿ ಮೂರರಲ್ಲೊಂದು ತೊಟ್ಟಿ ಹೋದರೆ ಆ ಆಹಾರಕ್ಕೆ ಉಳಿಯುವುದು ಎರಡೇ ಅಂಕಿ. ಏಕೆಂದರೆ ಲೆಕ್ಕಕ್ಕೆ ಬರುವುದು ತೊಟ್ಟಿ, ಮರಿ ಅಲ್ಲ. ಒಂದೇ ನೀರು, ಒಂದೇ ಗಾಳಿ ಹಂಚಿಕೊಂಡ 15 ಮರಿಗಳನ್ನು 15 ಸ್ವತಂತ್ರ ಮಾದರಿ ಎಂದು ವಿಶ್ಲೇಷಣೆಗೆ ಹಾಕುವುದು ಪ್ರಬಂಧಗಳಲ್ಲಿ ಸಿಗುವ ಅತಿ ಸಾಮಾನ್ಯ ತಪ್ಪು. ಪ್ರಯೋಗ ಶುರುಮಾಡುವ ಮುನ್ನ ಬ್ಯಾಟರಿ ಏರೇಟರ್ ಇದೆಯೇ, ಮೀಸಲು ತೊಟ್ಟಿ ಇದೆಯೇ ಎಂದು ನೋಡಿಕೊಳ್ಳಿ. ಮರಿಗಳು ತೊಟ್ಟಿಗೆ ಹೊಂದಿಕೊಳ್ಳಲು ಎರಡು ವಾರ ಬಿಟ್ಟು ಮೊದಲ ತೂಕ ತೆಗೆಯಿರಿ. ಇಷ್ಟಾದರೂ ಇದರಲ್ಲೊಂದು ನೆಮ್ಮದಿಯಿದೆ: ಪ್ರಯೋಗ ಕೆಟ್ಟರೆ ಎರಡು ತಿಂಗಳಲ್ಲಿ ಮತ್ತೆ ಮಾಡಬಹುದು.

ಬಂದರಿನ ಪ್ರಬಂಧದಲ್ಲಿ ಹಾಗಿಲ್ಲ. ಬೂತಾಯಿ ಅಥವಾ ಬಂಗುಡೆಯ ಬೆಳವಣಿಗೆ ಲೆಕ್ಕ ಹಾಕಲು ತಿಂಗಳು ತಿಂಗಳೂ ಉದ್ದ ಅಳೆಯಬೇಕು. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ನಿಷೇಧ. ಆ ಎರಡು ತಿಂಗಳ ಅಂಕಿಗೆ ನಾಡದೋಣಿಗಳನ್ನೇ ನಂಬಬೇಕು, ಅವರ ಬಲೆಯ ಕಣ್ಣಿನ ಅಳತೆಯೇ ಬೇರೆ. ಇನ್ನೂ ದೊಡ್ಡ ಕಂಟಕ ಬುಟ್ಟಿಯಲ್ಲಿದೆ. ಧಕ್ಕೆಗೆ ಬರುವ ಹೊತ್ತಿಗೆ ಮೀನನ್ನು ಗಾತ್ರಕ್ಕೆ ತಕ್ಕಂತೆ ವಿಂಗಡಿಸಿ ಆಗಿರುತ್ತದೆ. ಕೈಗೆ ಸಿಕ್ಕ ಬುಟ್ಟಿಯಿಂದ ನೂರು ಮೀನು ಅಳೆದು ತಂದರೆ ನಿಮ್ಮ ನಕ್ಷೆಯಲ್ಲಿ ಸಣ್ಣ ಮೀನೇ ಇರುವುದಿಲ್ಲ. ಸಣ್ಣವು ಹುಡಿ ಕಾರ್ಖಾನೆಯ ಲಾರಿ ಹತ್ತಿರುತ್ತವೆ. ವಿಂಗಡಣೆಗೆ ಮೊದಲೇ ಬೋಟಿನ ಹತ್ತಿರ ನಿಲ್ಲಬೇಕು, ಅಂದರೆ ನಸುಕಿಗೇ. ಹೊಟ್ಟೆ ಸೀಳಿ ಅಂಡಾಶಯ ನೋಡಬೇಕಾದ ಮೀನನ್ನು ದುಡ್ಡು ಕೊಟ್ಟೇ ಕೊಳ್ಳಬೇಕು, ಪುಕ್ಕಟೆ ಯಾರೂ ಕೊಡರು. ಈ ಖರ್ಚನ್ನು ಪ್ರಸ್ತಾವದಲ್ಲೇ ಬರೆಯಿರಿ.

ಕಾಡಿನ ಪ್ರಬಂಧ ಕೆಡುವುದು ಹೆಚ್ಚಾಗಿ ಕಾಡಿಗೆ ಹೋಗುವ ಮೊದಲೇ. ವನ್ಯಜೀವಿಧಾಮದೊಳಗೆ ಅಧ್ಯಯನಕ್ಕೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಸೆಕ್ಷನ್‌ನಡಿ ಅನುಮತಿ ಬೇಕು. ಪ್ರಾಣಿಯನ್ನು ಹಿಡಿಯುವುದಾದರೆ 12ನೇ ಸೆಕ್ಷನ್. ಅದು ಅತಿ ಹೆಚ್ಚು ರಕ್ಷಣೆಯಿರುವ ಶೆಡ್ಯೂಲ್ 1ರ ಪ್ರಾಣಿಯಾದರೆ ಕೇಂದ್ರದ ಪೂರ್ವಾನುಮತಿಯೂ ಬೇಕು. ಕಡತ ಮಲ್ಲೇಶ್ವರದ ಅರಣ್ಯ ಭವನಕ್ಕೆ ಹೋಗಿ, ಅಭಿಪ್ರಾಯ ಕೇಳಿಕೊಂಡು ವಿಭಾಗದ ಕಚೇರಿಗೆ ಇಳಿದು, ಮತ್ತೆ ಮೇಲೇರುವಷ್ಟರಲ್ಲಿ ತಿಂಗಳುಗಳೇ ಕಳೆಯುತ್ತವೆ. ಆರು ತಿಂಗಳ ಪ್ರಬಂಧದಲ್ಲಿ ನಾಲ್ಕು ತಿಂಗಳು ಅದಕ್ಕೇ ಹೋದರೆ ಮಾಡುವುದೇನು? ಗೈಡ್ ಹೆಸರಿನಲ್ಲಿ ಈಗಾಗಲೇ ಚಾಲ್ತಿಯಲ್ಲಿರುವ ಅನುಮತಿಯ ಒಳಗೆ ನಿಮ್ಮ ಹೆಸರು ಸೇರಿಸಿಕೊಳ್ಳುವುದು, ಇಲ್ಲವೇ ಕಾಫಿ ತೋಟ, ಕೆರೆ, ಗೋಮಾಳದಂಥ ಅಭಯಾರಣ್ಯದ ಹೊರಗಿನ ಜಾಗದ ಪ್ರಶ್ನೆ ಆರಿಸಿಕೊಳ್ಳುವುದು ಜಾಣತನ.

ಒಳಗೆ ಹೋದ ಮೇಲೂ ಪ್ರಾಣಿ ನಿಮ್ಮ ಸಂಖ್ಯಾಶಾಸ್ತ್ರಕ್ಕೆ ಬೇಕಾದಷ್ಟು ಸಲ ಕಾಣಿಸಿಕೊಳ್ಳಬೇಕಲ್ಲ. ಟ್ರಾನ್ಸೆಕ್ಟ್ ಲೈನ್ (ಕಾಡಿನಲ್ಲಿ ಮೊದಲೇ ಗುರುತಿಸಿದ ನೇರ ದಾರಿ) ನಡೆದು ಸಾಂದ್ರತೆ ಅಂದಾಜಿಸಲು ಒಂದು ಪ್ರಭೇದಕ್ಕೆ 60ರಿಂದ 80 ಬಾರಿ ಕಂಡ ದಾಖಲೆ ಇದ್ದರೆ ಒಳ್ಳೆಯದು. ಜಿಂಕೆಗೆ ಅದು ಸಿಗಬಹುದು, ಕಡವೆಗೆ ಒಂದು ಋತುವಿನಲ್ಲಿ ಸಿಗುವುದು ಅನುಮಾನ. ಪ್ರತಿ ಬಾರಿಯೂ ದೂರವನ್ನು ರೇಂಜ್‌ಫೈಂಡರಿನಲ್ಲಿ, ಕೋನವನ್ನು ದಿಕ್ಸೂಚಿಯಲ್ಲಿ ಅಳೆಯಬೇಕು. ಕಣ್ಣಳತೆಯಲ್ಲಿ ‘ಸುಮಾರು 50 ಮೀಟರ್’ ಎಂದು ಬರೆಯುತ್ತಾ ಹೋದರೆ ದತ್ತಾಂಶವೆಲ್ಲ 10, 20, 50ರ ಮೇಲೆ ಗುಡ್ಡೆಯಾಗಿ ಕೂರುತ್ತದೆ. ಕ್ಯಾಮೆರಾ ಟ್ರ್ಯಾಪ್ ಆದರೆ ದಾರಿಯ ಎರಡೂ ಬದಿಗೆ ಒಂದೊಂದು ಬೇಕು, ಹುಲಿಯ ಎಡಮೈಯ ಪಟ್ಟೆಯೂ ಬಲಮೈಯದ್ದೂ ಒಂದೇ ಅಲ್ಲ. ಎರಡನ್ನೂ ನೇರ ಎದುರುಬದುರು ಇಟ್ಟರೆ ಒಂದರ ಫ್ಲ್ಯಾಷ್ ಇನ್ನೊಂದರ ಚಿತ್ರವನ್ನು ಕೆಡಿಸುತ್ತದೆ, ತುಸು ಓರೆಯಾಗಿ ಕಟ್ಟಿ. ಆನೆ ಕಿತ್ತುಹಾಕುವುದು ಲೆಕ್ಕಕ್ಕೆ ಸೇರಿದ್ದೇ. ಹತ್ತಕ್ಕೊಂದು ಹೆಚ್ಚುವರಿ ಇರಲಿ.

ಅಮೆರಿಕದ ಎಂ.ಎಸ್

ಅಲ್ಲಿನ ಕ್ರಮ ತಲೆಕೆಳಗು. ನಮ್ಮಲ್ಲಿ ಮೊದಲು ಸೀಟು, ಆಮೇಲೆ ಗೈಡ್. ಅಲ್ಲಿ ಪ್ರಬಂಧ ಬರೆಯುವ ಎಂ.ಎಸ್‌ಗೆ ಮೊದಲು ಪ್ರಾಧ್ಯಾಪಕರು ಒಪ್ಪಬೇಕು, ಆಮೇಲೆ ಅರ್ಜಿ. ಅವರ ಪ್ರಾಜೆಕ್ಟಿನ ಹಣದಿಂದಲೇ ನಿಮ್ಮ ಶುಲ್ಕವೂ ತಿಂಗಳ ಸಂಭಾವನೆಯೂ ಬರುತ್ತದೆ; ಬದಲಿಗೆ ವಾರಕ್ಕೆ ಸುಮಾರು 20 ಗಂಟೆ ಸಂಶೋಧನೆಯ ಅಥವಾ ಬೋಧನೆಯ ಕೆಲಸ. ಪ್ರಬಂಧವಿಲ್ಲದ ಎಂ.ಎಸ್‌ಗೆ ಈ ಹಣ ಬಹುತೇಕ ಸಿಗುವುದಿಲ್ಲ, ಪೂರ್ತಿ ಸ್ವಂತ ಖರ್ಚು. ಏಜೆನ್ಸಿಗಳು ತಳ್ಳುವುದು ಹೆಚ್ಚಾಗಿ ಇದನ್ನೇ.

ಆ ಹಣದ ಮೂಲ ತಿಳಿದಿದ್ದರೆ ಯಾರಿಗೆ ಬರೆಯಬೇಕೆಂಬುದೂ ಹೊಳೆಯುತ್ತದೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಬಂದೂಕು-ತೋಟಾಗಳ ಮೇಲಿನ ತೆರಿಗೆಯನ್ನು ವನ್ಯಜೀವಿ ಕೆಲಸಕ್ಕೂ, 1950ರ ಡಿಂಗೆಲ್-ಜಾನ್ಸನ್ ಕಾಯ್ದೆ ಗಾಳದ ಸಾಮಾನಿನ ಮೇಲಿನ ತೆರಿಗೆಯನ್ನು ಮೀನಿನ ಕೆಲಸಕ್ಕೂ ರಾಜ್ಯಗಳಿಗೆ ಹಂಚುತ್ತವೆ. 1935ರಿಂದ ನಡೆದುಬಂದ ಸಹಕಾರಿ ಸಂಶೋಧನಾ ಘಟಕಗಳು ಎಷ್ಟೋ ವಿಶ್ವವಿದ್ಯಾಲಯಗಳ ಒಳಗೇ ಇವೆ. ಹೀಗಾಗಿ ಹಣವಿರುವ ಪ್ರಾಜೆಕ್ಟುಗಳಲ್ಲಿ ಬಾತುಕೋಳಿ, ಬಿಳಿಬಾಲದ ಜಿಂಕೆ, ಕಾಡು ಟರ್ಕಿ ಕೋಳಿ, ಬಾಸ್ ಮೀನಿನವೇ ಹೆಚ್ಚು. ಬೇಟೆಯ ಸೀಸನ್ನಿನಲ್ಲಿ ಚೆಕ್ ಸ್ಟೇಷನ್ನಿನಲ್ಲಿ ಕೂತು ಸತ್ತ ಜಿಂಕೆಯ ಹಲ್ಲು ನೋಡಿ ವಯಸ್ಸು ಬರೆಯುವ ಕೆಲಸಕ್ಕೆ ಮನಸ್ಸು ಒಗ್ಗದಿದ್ದರೆ ಅದನ್ನು ಮೊದಲೇ ತಿಳಿದುಕೊಳ್ಳುವುದು ಲೇಸು.

ಖಾಲಿ ಇರುವ ಜಾಗಗಳು ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯ ನಡೆಸುವ ಉದ್ಯೋಗ ಫಲಕದಲ್ಲಿ ಪ್ರಕಟವಾಗುತ್ತವೆ. ಪ್ರಾಧ್ಯಾಪಕರಿಗೆ ಬರೆಯುವ ಮಿಂಚಂಚೆ ಹದಿನೈದು ಸಾಲು ಮೀರದಿರಲಿ: ಅವರ ಯಾವ ಕೆಲಸ ಓದಿದ್ದೀರಿ, ನಿಮ್ಮ ಕೈಗೆ ಯಾವ ಕೌಶಲ ಬರುತ್ತದೆ, ಯಾವ ಸೆಮಿಸ್ಟರಿಗೆ ಸೇರಬಲ್ಲಿರಿ. ‘ಗೌರವಾನ್ವಿತ ಮಹೋದಯರೇ, ಬಾಲ್ಯದಿಂದಲೂ ನನಗೆ ಪ್ರಕೃತಿಯೆಂದರೆ...’ ಎಂದು ಶುರುವಾದದ್ದನ್ನು ಯಾರೂ ಎರಡನೇ ಸಾಲಿಗೆ ಓದುವುದಿಲ್ಲ.

ಎರಡು ತೊಡಕುಗಳಿವೆ. ಮೂರು ವರ್ಷದ ಬಿ.ಎಸ್ಸಿಯನ್ನು ಹಲವು ವಿಶ್ವವಿದ್ಯಾಲಯಗಳು ಪೂರ್ಣ ಪದವಿಯೆಂದು ಒಪ್ಪುವುದಿಲ್ಲ. ಕರ್ನಾಟಕ 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿದ್ದರಿಂದ ಇದು ಇಲ್ಲಿನ ವಿದ್ಯಾರ್ಥಿಗಳಿಗೆ ನೇರವಾಗಿ ತಟ್ಟುತ್ತದೆ, ಇಲ್ಲೊಂದು ಎಂ.ಎಸ್ಸಿ ಮುಗಿಸಿ ಹೋಗುವುದು ಸುರಕ್ಷಿತ. ಬಿ.ಎಫ್.ಎಸ್ಸಿಯವರಿಗೆ ಈ ಚಿಂತೆಯಿಲ್ಲ. ಎರಡನೆಯದು ಡ್ರೈವಿಂಗ್ ಲೈಸೆನ್ಸ್. ಕ್ಷೇತ್ರ ಕೆಲಸವೆಂದರೆ ದೋಣಿಯ ಟ್ರೇಲರ್ ಕಟ್ಟಿದ ಪಿಕಪ್ ಓಡಿಸುವುದು. ಕಾರು ಓಡಿಸಲು ಬಾರದವರನ್ನು ತೆಗೆದುಕೊಳ್ಳಲು ಪ್ರಾಧ್ಯಾಪಕರು ಹಿಂಜರಿಯುತ್ತಾರೆ. ಓದು ಮುಗಿದ ಮೇಲೆ ಅಲ್ಲಿನ ಕೇಂದ್ರ ಸರ್ಕಾರದ ಜೀವವಿಜ್ಞಾನಿ ಹುದ್ದೆಗಳು ಬಹುಪಾಲು ಅಲ್ಲಿನ ಪ್ರಜೆಗಳಿಗೇ ಎಂಬುದೂ ನೆನಪಿರಲಿ.

ಯುರೋಪಿನಲ್ಲಿ ಮೀನುಗಾರಿಕೆಗೆ ಒಂದು ಕಾಲದಲ್ಲಿ ನಾರ್ವೆ ಒಳ್ಳೆಯ ಆಯ್ಕೆಯಾಗಿತ್ತು, ಶುಲ್ಕವೇ ಇರಲಿಲ್ಲ. 2023ರಿಂದ ಯುರೋಪಿನ ಹೊರಗಿನವರಿಗೆ ಶುಲ್ಕ ಬಂದಿದೆ. ಈಗ ಯುರೋಪಿಯನ್ ಒಕ್ಕೂಟದ ಎರಾಸ್ಮಸ್ ಮುಂಡುಸ್ ವಿದ್ಯಾರ್ಥಿವೇತನ ಸಿಕ್ಕರೆ ಹೋಗಿ, ಸಿಗದಿದ್ದರೆ ಸಾಲ ಮಾಡಿ ಹೋಗುವಷ್ಟು ಸಂಬಳ ಈ ಕ್ಷೇತ್ರದಲ್ಲಿಲ್ಲ.

ಹುದ್ದೆಯ ಜಾಹೀರಾತನ್ನು ಈಗಲೇ ಓದಿ

ಅರಣ್ಯಾಧಿಕಾರಿಯಾಗಬೇಕೆಂದು ವನ್ಯಜೀವಿ ಎಂ.ಎಸ್ಸಿ ಸೇರುವವರಿದ್ದಾರೆ. ಭಾರತೀಯ ಅರಣ್ಯ ಸೇವೆಗೆ ಯುಪಿಎಸ್‌ಸಿ ಕೇಳುವುದು ಪದವಿ ಮಟ್ಟದಲ್ಲಿ ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ, ಗಣಿತ ಮೊದಲಾದ ನಿಗದಿತ ವಿಷಯಗಳಲ್ಲೊಂದು, ಇಲ್ಲವೇ ಕೃಷಿ, ಅರಣ್ಯಶಾಸ್ತ್ರ, ಎಂಜಿನಿಯರಿಂಗ್ ಪದವಿ. ಎಂ.ಎಸ್ಸಿ ಬೇಕಿಲ್ಲ. ಆ ಪಟ್ಟಿಯಲ್ಲಿ ಮೀನುಗಾರಿಕೆಯ ಹೆಸರಿಲ್ಲ. ರಾಜ್ಯದ ವಲಯ ಅರಣ್ಯಾಧಿಕಾರಿ (ಆರ್‌ಎಫ್‌ಒ) ಹುದ್ದೆಗಳಲ್ಲಿ ಒಂದು ಪಾಲು ಮೀಸಲಿರುವುದು ಬಿ.ಎಸ್ಸಿ ಫಾರೆಸ್ಟ್ರಿಯವರಿಗೆ, ಅಂದರೆ ಪೊನ್ನಂಪೇಟೆ, ಶಿರಸಿ ಕಾಲೇಜುಗಳವರಿಗೆ.

ಮೀನುಗಾರಿಕೆಯ ಕಡೆ ಉದ್ಯೋಗದ ಹರವು ಹೆಚ್ಚು. ಇಲಾಖೆ, ಐಸಿಎಆರ್ ವಿಜ್ಞಾನಿ ಹುದ್ದೆ, ಬ್ಯಾಂಕುಗಳ ಕೃಷಿ ಕ್ಷೇತ್ರಾಧಿಕಾರಿ ಪರೀಕ್ಷೆ, ಆಂಧ್ರದ ಸಿಗಡಿ ಹ್ಯಾಚರಿ ಮತ್ತು ಆಹಾರ ಕಂಪನಿಗಳು, ರಫ್ತು ಘಟಕಗಳ ಗುಣಮಟ್ಟ ವಿಭಾಗ. ಇವುಗಳಲ್ಲಿ ಹಲವಕ್ಕೆ ಬಿ.ಎಫ್.ಎಸ್ಸಿಯೇ ಸಾಕು. ಬ್ಯಾಂಕಿನ ಹುದ್ದೆಗಾಗಿ ಎಂ.ಎಫ್.ಎಸ್ಸಿ ಮಾಡುವುದು ಎರಡು ವರ್ಷ ದಂಡ. ವನ್ಯಜೀವಿಯಲ್ಲಿ ಬಹುಪಾಲು ಕೆಲಸ ಪ್ರಾಜೆಕ್ಟಿನದ್ದು, ವರ್ಷ ಎರಡು ವರ್ಷದ ಒಪ್ಪಂದ. ನೆಟ್ ಅಥವಾ ಗೇಟ್ ಪಾಸಾಗಿದ್ದರೆ ಸರ್ಕಾರಿ ಹಣದ ಪ್ರಾಜೆಕ್ಟಿನಲ್ಲಿ ಕಿರಿಯ ಸಂಶೋಧಕರಿಗೆ (ಜೆಆರ್‌ಎಫ್) 2023ರ ಪರಿಷ್ಕರಣೆಯಂತೆ ತಿಂಗಳಿಗೆ ₹37,000 ಮತ್ತು ಮನೆ ಬಾಡಿಗೆ ಭತ್ಯೆ ಬರುತ್ತದೆ. ಎಂ.ಎಸ್ಸಿಯ ಎರಡನೇ ವರ್ಷದಲ್ಲೇ ಸಿಎಸ್‌ಐಆರ್ ನೆಟ್ ಬರೆದುಬಿಡಿ. ಕಾಡಿಗೆ ಹೋದ ಮೇಲೆ ಓದಲು ಕೂರುವವರು ಕಡಿಮೆ. ಎಂ.ಎಫ್.ಎಸ್ಸಿಯವರು ಬರೆಯಬೇಕಾದದ್ದು ಕೃಷಿ ವಿಜ್ಞಾನಿಗಳ ನೇಮಕಾತಿ ಮಂಡಳಿ (ಎಎಸ್‌ಆರ್‌ಬಿ) ನಡೆಸುವ ನೆಟ್, ಅದೂ ಇದೂ ಒಂದೇ ಅಲ್ಲ.

ಸೀಟು ಒಪ್ಪಿಕೊಳ್ಳುವ ಮುನ್ನ ಆ ವಿಭಾಗದಿಂದ ಕಳೆದ ವರ್ಷ ಹೊರಬಂದ ಇಬ್ಬರಿಗೆ ಫೋನ್ ಮಾಡಿ. ಕಾಲೇಜು ಹೇಗಿದೆ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂಬ ಉತ್ತರವೇ ಬರುತ್ತದೆ. ಬದಲಿಗೆ ಹೀಗೆ ಕೇಳಿ: ಪ್ರಬಂಧದ ಖರ್ಚಿನಲ್ಲಿ ನಿಮ್ಮ ಜೇಬಿನಿಂದ ಹೋದದ್ದೆಷ್ಟು? ಅನುಮತಿ ಪತ್ರ ಕೈಗೆ ಬಂದದ್ದು ಯಾವ ತಿಂಗಳು? ಗೈಡ್ ಮೊದಲ ಕರಡು ಓದಿ ಹಿಂದಿರುಗಿಸಲು ಎಷ್ಟು ದಿನ ತೆಗೆದುಕೊಂಡರು? ನಿಮ್ಮ ಬ್ಯಾಚಿನಲ್ಲಿ ಎಷ್ಟು ಮಂದಿ ಎರಡೇ ವರ್ಷದಲ್ಲಿ ಮುಗಿಸಿದರು?